ಕೆಂಪುಹೊಳೆಯ ಕಪ್ಪೆಗಳು ಮತ್ತು ನಾರಾಯಣ ರಾವ್ ಮೇಷ್ಟ್ರು

ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ನೀವು ಎಷ್ಟು ಸಲ ಬಂದಿರಬಹುದು? ಹಾಸನ ದಾಟಿ, ಆಲೂರು ದಾಟಿ, ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ ಕಳೆಯುವ ಹೊತ್ತಿಗೆ ಹೆಚ್ಚಿನವರಿಗೆ ಗಾಢ ನಿದ್ದೆ. ದೋಣಿಗಲ್, ಮಾರನಹಳ್ಳಿ ಕಳೆದು ಶಿರಾಡಿ ಘಾಟಿಯ ತಿರುವುಗಳು ಶುರುವಾದಾಗ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ತಾಯಂದಿರು ಕತ್ತಲಲ್ಲೇ ಪ್ಲಾಸ್ಟಿಕ್ ಚೀಲಕ್ಕಾಗಿ ತಡಕಾಡುತ್ತಾರೆ. ಮಳೆಗಾಲವಾದರೆ ಎಲ್ಲೋ ಮರ ಬಿದ್ದು, ಗುಡ್ಡ ಜರಿದು, ಲಾರಿ ಅಡ್ಡ ನಿಂತು ಬಸ್ಸು ಗಂಟೆಗಟ್ಟಲೆ ನಿಲ್ಲುವುದೂ ಉಂಟು. ಅಂಥ ಹೊತ್ತಿನಲ್ಲಿ ಚಾಲಕ ಎಂಜಿನ್ ಆರಿಸಿದ ಮೇಲೆ ಕಿಟಕಿಯ ಗಾಜನ್ನು ಸ್ವಲ್ಪ ಸರಿಸಿ ಕಿವಿಗೊಡಿ. ಮಳೆಯ ಸದ್ದು, ಅದರ ಕೆಳಗೆ ಹೊಳೆಯ ಮೊರೆತ, ಇವೆರಡರ ನಡುವೆ ಸಣ್ಣ ಕಲ್ಲಿಗೆ ಕಲ್ಲು ತಾಗಿಸಿದಂತೆ ಟಿಕ್ ಟಿಕ್ ಎನ್ನುವ ನೂರಾರು ದನಿಗಳು. ಅವು ಜೀರುಂಡೆಗಳೆಂದು ನಾವು ಸುಮ್ಮನಾಗುತ್ತೇವೆ. ಬಹುಪಾಲು ಅವು ಕಪ್ಪೆಗಳು.

ರಸ್ತೆಯ ಪಕ್ಕದ ಕತ್ತಲಲ್ಲಿ ಮೊರೆಯುವ ಆ ನೀರು ಕೆಂಪುಹೊಳೆ. ಅದು ಗುಂಡ್ಯ ಹೊಳೆಗೆ ಸೇರಿ, ಗುಂಡ್ಯ ಕುಮಾರಧಾರೆಗೆ ಸೇರಿ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಮಂಗಳೂರಿನವರು ತುಂಬೆಯಲ್ಲಿ ತಡೆದು ಕುಡಿಯುವ ನೀರಿನಲ್ಲಿ ಈ ಹೊಳೆಯ ಪಾಲೂ ಇದೆ. ನಮಗೆ ಇದು ಘಾಟಿಯ ಒಂದು ಹೊಳೆ ಮಾತ್ರ. ಆದರೆ ಕಪ್ಪೆಗಳನ್ನು ಅಧ್ಯಯನ ಮಾಡುವವರು ಜಪಾನಿನಲ್ಲಿರಲಿ, ಫ್ರಾನ್ಸಿನಲ್ಲಿರಲಿ, ಕೆಂಪುಹೊಳೆಯ ಹೆಸರನ್ನು ಪುಸ್ತಕದಲ್ಲಿ ಓದಿರುತ್ತಾರೆ. ಅದನ್ನು ಆ ಪುಸ್ತಕಗಳಿಗೆ ಸೇರಿಸಿದವರು ಬೆಂಗಳೂರಿನ ಒಬ್ಬ ಕಾಲೇಜು ಮೇಷ್ಟ್ರು. ಅವರ ಹೆಸರು ಸಿ.ಆರ್. ನಾರಾಯಣ ರಾವ್.

ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ

ನಾರಾಯಣ ರಾವ್ ಹುಟ್ಟಿದ್ದು 1882ರ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ಹೈಸ್ಕೂಲು ಓದಿದ್ದು ಬಳ್ಳಾರಿಯಲ್ಲಿ, ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು. ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಪಾಠ ಹೇಳಿ ಕೊನೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದರು. ಭಾರತದ ಪ್ರಾಣಿಗಳ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಬ್ರಿಟಿಷ್ ಅಧಿಕಾರಿಗಳೂ ಲಂಡನ್ನಿನ ಮ್ಯೂಸಿಯಂನವರೂ ಆಗಿದ್ದ ಕಾಲ ಅದು. ಇಲ್ಲಿ ಹಿಡಿದ ಪ್ರಾಣಿ ಹಡಗು ಹತ್ತಿ ಅಲ್ಲಿಗೆ ಹೋಗಿ ಹೆಸರು ಪಡೆಯುತ್ತಿತ್ತು. ನಾರಾಯಣ ರಾವ್ ತಮ್ಮ ಕಾಲೇಜಿನ ಕೋಣೆಯಲ್ಲೇ ಕುಳಿತು ಆ ಕೆಲಸ ಮಾಡತೊಡಗಿದರು.

1918ರಲ್ಲಿ ಅವರು ಭಾರತದ ಕೆಲವು ಕಪ್ಪೆಗಳ ಗೊದಮೊಟ್ಟೆಗಳ ಬಗ್ಗೆ ಬರೆದರು. ಗೊದಮೊಟ್ಟೆ ಎಂದರೆ ನಿಮಗೆ ಗೊತ್ತೇ ಇದೆ: ಮಳೆನೀರು ನಿಂತ ಹೊಂಡದಲ್ಲಿ ಬಾಲ ಅಲ್ಲಾಡಿಸುತ್ತಾ ಓಡಾಡುವ ಕಪ್ಪೆಮರಿ. ಮಕ್ಕಳು ಮೀನುಮರಿಯೆಂದು ಬಾಟಲಿಯಲ್ಲಿ ತುಂಬಿ ಮನೆಗೆ ತಂದು ಬೈಸಿಕೊಳ್ಳುವುದು ಇದಕ್ಕಾಗಿಯೇ. ಪೂರ್ತಿ ಬೆಳೆದ ಕಪ್ಪೆಯನ್ನು ಬಿಟ್ಟು ಅದರ ಮರಿಯನ್ನು ಯಾಕೆ ನೋಡಬೇಕು ಎಂದು ಕೇಳಬಹುದು. ಕಪ್ಪೆಯ ಬದುಕಿನ ಅರ್ಧ ಕಥೆ ಅಲ್ಲೇ ಇದೆ ಎಂಬುದು ಅವರಿಗೆ ತಿಳಿದಿತ್ತು. 1920ರಲ್ಲಿ ಕೊಡಗಿನ ಬ್ರಹ್ಮಗಿರಿಯ ಕಾವೇರಿ ಸೀಮೆಯ ಜೌಗಿನಿಂದ ಒಂದು ಹೊಸ ಕಪ್ಪೆಯನ್ನು ವಿವರಿಸಿ, ಪವಿತ್ರ ಜೌಗಿನದು ಎಂಬರ್ಥದ ಲ್ಯಾಟಿನ್ ಹೆಸರನ್ನು ಅದಕ್ಕಿಟ್ಟರು.

ಕಪ್ಪೆಯ ಮೇಲೆಯೇ ಕಣ್ಣಿಟ್ಟು ಉಳಿದದ್ದನ್ನು ಮರೆತವರಲ್ಲ ಅವರು. ವಿಜ್ಞಾನಿಗಳು ಇಂದಿಗೂ ಓದುವ ‘ಕರೆಂಟ್ ಸೈನ್ಸ್’ ಪತ್ರಿಕೆ 1932ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದರ ಮೊದಲ ಸಂಪಾದಕರು ನಾರಾಯಣ ರಾವ್. ಅದೇ ಸೆಂಟ್ರಲ್ ಕಾಲೇಜಿನ ಬಿ.ಆರ್. ಶೇಷಾಚಾರ್ ಇನ್ನೂ ವಿಚಿತ್ರವಾದ ಒಂದು ಉಭಯಚರವನ್ನು ಹಿಡಿದು ಕುಳಿತರು. ಅದು ಕಾಲಿಲ್ಲದ, ದೊಡ್ಡ ಎರೆಹುಳದಂತೆ ಕಾಣುವ, ಮಣ್ಣೊಳಗೇ ಬದುಕುವ ಸಿಸಿಲಿಯನ್. ಅದರ ಸಂತಾನೋತ್ಪತ್ತಿಯ ಬಗ್ಗೆ 1930 ಮತ್ತು 40ರ ದಶಕಗಳಲ್ಲಿ ಅವರು ಬರೆದ ಲೇಖನಗಳು ಹೊರದೇಶಗಳಲ್ಲೂ ಹೆಸರು ಮಾಡಿದವು. ಸಕಲೇಶಪುರದ ಕಾಫಿ ತೋಟದಲ್ಲಿ ಗುಂಡಿ ತೋಡುವವರು ಇಂಥ ಪ್ರಾಣಿಯನ್ನು ಕಂಡು ಹಾವೆಂದು ಹೆದರಿ ಕೊಲ್ಲುವುದುಂಟು. ಅದು ಕಪ್ಪೆಯ ದಾಯಾದಿ, ಅದರಲ್ಲಿ ವಿಷದ ಹಲ್ಲಿಲ್ಲ.

ಒಂದು ಹೆಸರು, ಒಂದು ಬಾಟಲಿ

1937 ನಾರಾಯಣ ರಾವ್ ನಿವೃತ್ತರಾದ ವರ್ಷ. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಡಾವಳಿಯಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಅವರ ದೀರ್ಘ ಲೇಖನ ಬಂದದ್ದೂ ಅದೇ ವರ್ಷ. ಅದರಲ್ಲಿ ಮತ್ತೆ ಮತ್ತೆ ಬರುವ ಊರುಗಳು ನಮ್ಮ ಪರಿಚಯದವೇ. ಕೊಡಗಿನ ವಾಟೆಕೊಲ್ಲಿ, ಮೂಡಿಗೆರೆಯ ಕೊಟ್ಟಿಗೆಹಾರ, ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಕೆಂಪುಹೊಳೆ. ಒಂದು ಪುಟ್ಟ ಇರುಳುಗಪ್ಪೆಗೆ ಅವರು ಕೆಂಪುಹೊಳೆಯದೇ ಹೆಸರಿಟ್ಟರು. ಹೊಳೆಯ ಬದಿಯ ಇನ್ನೊಂದು ಕಪ್ಪೆ ಸೊಗಸಾಗಿದೆ ಎಂದು ಅದಕ್ಕೆ ‘ಎಲೆಗನ್ಸ್’ ಎಂದರು. ಗಿಡ್ಡ ಮೂತಿಯ ಒಂದು ನೆಲಗಪ್ಪೆಗೆ ‘ಬ್ರೆವಿರೋಸ್ಟ್ರಿಸ್’ ಎಂದರು.

ಇಲ್ಲಿ ಪ್ರಾಣಿಶಾಸ್ತ್ರದ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗದು. ಹೊಸ ಪ್ರಾಣಿಗೆ ಹೆಸರಿಡುವವರು ಅದರ ಒಂದು ದೇಹವನ್ನು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಕಾಪಾಡಿ, ‘ಈ ಹೆಸರು ಇದಕ್ಕೆ’ ಎಂದು ಚೀಟಿ ಅಂಟಿಸಬೇಕು. ಅದು ಆ ಹೆಸರಿನ ಮೂಲ ಮಾದರಿ. ಜಮೀನಿಗೆ ಮೂಲ ಪತ್ರವಿದ್ದಂತೆ. ಐವತ್ತು ವರ್ಷ ಕಳೆದ ಮೇಲೆ ಯಾರಿಗೋ ಒಂದು ಕಪ್ಪೆ ಸಿಕ್ಕಿ ಅದು ನಾರಾಯಣ ರಾವ್ ಹೇಳಿದ ಕಪ್ಪೆಯೋ ಬೇರೆಯೋ ಎಂಬ ಸಂಶಯ ಬಂದರೆ, ಹೋಗಿ ಆ ಬಾಟಲಿಯನ್ನು ಇಳಿಸಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

1937ರ ಕಪ್ಪೆಗಳ ಮಾದರಿಗಳಿದ್ದದ್ದು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿ. ನಂತರದ ತಲೆಮಾರಿನ ವಿಜ್ಞಾನಿಗಳು ಹುಡುಕಿಕೊಂಡು ಬಂದಾಗ ಅವು ಅಲ್ಲಿರಲಿಲ್ಲ. ಅವು ಕಳೆದುಹೋಗಿವೆ ಎಂದೇ ಈಗ ಎಲ್ಲ ಪಟ್ಟಿಗಳಲ್ಲಿ ಬರೆಯುತ್ತಾರೆ. ಸ್ಪಿರಿಟ್ ಆಗಾಗ ತುಂಬದಿದ್ದರೆ ಆರುತ್ತದೆ, ಚೀಟಿಯ ಶಾಯಿ ಮಾಸುತ್ತದೆ, ಕಪಾಟು ಜಾಗ ಬದಲಿಸುತ್ತದೆ, ಮೇಷ್ಟ್ರು ನಿವೃತ್ತರಾಗುತ್ತಾರೆ. ಇದಕ್ಕೆ ಒಬ್ಬರನ್ನು ಬೊಟ್ಟು ಮಾಡಿ ತೋರಿಸುವುದು ಸರಿಯಲ್ಲ. ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಕಾಗದಪತ್ರಗಳು ಏನಾದವು ಎಂದು ನಮ್ಮನ್ನೇ ಕೇಳಿಕೊಂಡರೆ ಸಾಕು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ ನೋಡಿ. ಫ್ರಾನ್ಸಿನ ಅಲೈನ್ ದ್ಯುಬ್ವಾ ಎಂಬ ವಿಜ್ಞಾನಿ ಇದೇ ಸಕಲೇಶಪುರದ ಪಶ್ಚಿಮಕ್ಕಿರುವ ಗುಂಡ್ಯದ ಕಾಡಿನ ಒಂದು ಕಪ್ಪೆಗೆ 1986ರಲ್ಲಿ ‘ಗುಂಡಿಯಾ’ ಎಂದೇ ಹೆಸರಿಟ್ಟರು. ಅದರ ಗುಂಪಿನ ಗೊದಮೊಟ್ಟೆಗಳಿಗೆ ಹೊಂಡವೇ ಬೇಡ. ತೆಳ್ಳಗೆ ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತವೆ, ಮುಟ್ಟಲು ಹೋದರೆ ಬಾಲ ಬಡಿದು ಬಂಡೆಯ ಮೇಲೇ ಜಿಗಿಯುತ್ತವೆ. ಮಳೆಗಾಲದಲ್ಲಿ ಘಾಟಿಯ ರಸ್ತೆಬದಿಯ ಒದ್ದೆ ಬಂಡೆಗಳಲ್ಲೂ ಇಂಥವನ್ನು ನೋಡಬಹುದು.

ಸತ್ತ ಕಪ್ಪೆ ಹೇಳದ ಮಾತು

ಪಿಯುಸಿಯಲ್ಲಿ ವಿಜ್ಞಾನ ಓದಿದ ಹಿರಿಯ ಓದುಗರಿಗೆ ಪ್ರಯೋಗಾಲಯದ ಆ ಮೇಣದ ತಟ್ಟೆ ನೆನಪಿರಬಹುದು. ನಾಲ್ಕು ಕಾಲಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆ ಕೊಯ್ದು, ಹೃದಯ ಎಲ್ಲಿ, ಯಕೃತ್ತು ಎಲ್ಲಿ ಎಂದು ಚಿತ್ರ ಬರೆದು ಅಂಕ ಪಡೆದೆವು. ಕಾಲೇಜುಗಳಲ್ಲಿ ಆ ಪದ್ಧತಿ ಈಗ ನಿಂತಿದೆ. ಔಷಧಿಗಾಗಿ ಕಪ್ಪೆಯನ್ನು ಬಳಸಬಹುದೇ ಎಂದು ಕೇಳಿದ ವೈದ್ಯರೊಬ್ಬರಿಗೆ ಪ್ರವಾದಿಯವರು(ಸ) ಅದನ್ನು ಕೊಲ್ಲದಂತೆ ಹೇಳಿದ ಸಂಗತಿ ಹದೀಸ್ ಗ್ರಂಥದಲ್ಲಿರುವುದನ್ನು ಅಂದು ಆ ತಟ್ಟೆಯ ಮುಂದೆ ನಿಂತಾಗ ನಮ್ಮಲ್ಲಿ ಎಷ್ಟು ಮಂದಿ ನೆನೆದಿದ್ದೆವು! ಅಷ್ಟೆಲ್ಲ ಕೊಯ್ದ ಮೇಲೂ ಕಪ್ಪೆ ಹೇಗೆ ಸಂಸಾರ ನಡೆಸುತ್ತದೆ ಎಂಬುದು ನಮಗೆ ತಿಳಿಯಲಿಲ್ಲ.

ನಾರಾಯಣ ರಾವ್ ಅವರ ಕಾಲದ ವಿಜ್ಞಾನಕ್ಕೂ ಈ ಮಿತಿ ಇತ್ತು. ಕೆಂಪುಹೊಳೆಯ ‘ಎಲೆಗನ್ಸ್’ ಮತ್ತು ಕೊಟ್ಟಿಗೆಹಾರದ ಇನ್ನೊಂದು ಕಪ್ಪೆಯನ್ನು ಅವರು ಪೊದೆಗಪ್ಪೆಗಳ ಗುಂಪಿಗೆ ಸೇರಿಸಿದರು. ಬಾಟಲಿಯಲ್ಲಿ ಮಲಗಿದಾಗ ಎರಡೂ ಸಣ್ಣ ಕಪ್ಪೆಗಳೇ, ಎರಡರ ಬೆರಳ ತುದಿಯೂ ಸ್ವಲ್ಪ ಅಗಲ. ಆದರೆ ಜೀವಂತವಾಗಿರುವಾಗ ಇವುಗಳ ಬದುಕಿನಲ್ಲಿ ಎಲ್ಲಿಂದೆಲ್ಲಿಗೂ ಹೋಲಿಕೆ ಇಲ್ಲ.

ಪೊದೆಗಪ್ಪೆಗೆ ಗೊದಮೊಟ್ಟೆ ಎಂಬ ಹಂತವೇ ಇಲ್ಲ. ಅದು ಎಲೆಯ ಮೇಲೋ, ಪಾಚಿಯ ನಡುವೆಯೋ ಕೆಲವೇ ಮೊಟ್ಟೆಗಳನ್ನಿಡುತ್ತದೆ. ಅಕ್ಕಿಕಾಳಿನಷ್ಟು ಗಾತ್ರದ ಪೂರ್ತಿ ಕಪ್ಪೆ, ನಾಲ್ಕೂ ಕಾಲುಗಳೊಂದಿಗೆ, ಮೊಟ್ಟೆಯಿಂದ ನೇರವಾಗಿ ಹೊರಬರುತ್ತದೆ. ಕೆರೆಯೂ ಬೇಡ, ಹೊಳೆಯೂ ಬೇಡ, ಗಾಳಿಯಲ್ಲಿ ತೇವವಿದ್ದರೆ ಸಾಕು. ಇವುಗಳಲ್ಲಿ ಕೆಲವು ಬಿದಿರಿನ ಗಿಣ್ಣಿನೊಳಗೆ ಸಣ್ಣ ಸೀಳಿನಿಂದ ನುಸುಳಿ ಮೊಟ್ಟೆಯಿಡುತ್ತವೆ, ಗಂಡು ಒಳಗೇ ಕುಳಿತು ಕಾಯುತ್ತದೆ. ಕೆ.ಎಸ್. ಶೇಷಾದ್ರಿ ಮತ್ತು ಸಂಗಡಿಗರು ಕೇರಳ, ತಮಿಳುನಾಡಿನ ಕಾಡುಗಳಲ್ಲಿ ಇದನ್ನು ಕಂಡು ವಿವರಿಸಿದ್ದಾರೆ.

ಇನ್ನು ಆ ‘ಎಲೆಗನ್ಸ್’? ಅದು ಹೊಳೆಯನ್ನು ಬಿಟ್ಟು ಬದುಕಲಾರದು. ಇಂದು ಅದು ಸೇರಿರುವ ಗುಂಪನ್ನು ಕುಣಿಯುವ ಕಪ್ಪೆಗಳು ಎನ್ನುತ್ತಾರೆ. ಭೋರ್ಗರೆಯುವ ನೀರಿನ ಪಕ್ಕ ಕೂಗಿದರೆ ಯಾರಿಗೆ ಕೇಳಬೇಕು? ಅದಕ್ಕೇ ಗಂಡು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕುಳಿತು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳ ನಡುವಿನ ಬಿಳಿಚಿದ ಪೊರೆಯನ್ನು ಬಾವುಟದಂತೆ ಬಿಡಿಸಿ ಬೀಸುತ್ತದೆ. ಎದುರು ಕಲ್ಲಿನ ಗಂಡಿಗೆ ಅದು ‘ಈಚೆ ಬರಬೇಡ’ ಎಂಬ ಎಚ್ಚರಿಕೆ. ಮಳೆಯ ಅಬ್ಬರ ಇಳಿದು ಹೊಳೆ ತಿಳಿಯಾಗುವವರೆಗೆ ಇವು ಕಾಯುತ್ತವೆ. 2010ರಲ್ಲಿ ಕೆ.ವಿ. ಗುರುರಾಜ ಎಂಬ ಕನ್ನಡದ ವಿಜ್ಞಾನಿ ಈ ಗುಂಪಿನ ಒಂದು ಕಪ್ಪೆಯ ಹೆಣ್ಣು ಹೊಳೆಯ ತಳದಲ್ಲಿ ಹಿಂಗಾಲಿನಿಂದ ಗುಳಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚುವುದನ್ನು ವಿವರಿಸಿದರು. ಮರಿಗಳ ಗುಟ್ಟು ತಿಳಿದದ್ದು 2016ರಲ್ಲಿ. ಅವು ಹಾವುಮೀನಿನಂತೆ ನೀಳವಾಗಿ, ಕಣ್ಣಿಗೆ ಚರ್ಮದ ಮುಸುಕು ಹೊದ್ದು, ಹೊಳೆಯ ಮರಳಿನ ಒಳಗೇ ಬೆಳೆಯುತ್ತವೆ. ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದುದರಲ್ಲಿ ಆಶ್ಚರ್ಯವೇನಿದೆ?

ಮೇಷ್ಟ್ರು ತಪ್ಪು ಮಾಡಿದರು ಎಂದು ತೋರಿಸಲು ಇದನ್ನು ಹೇಳುತ್ತಿಲ್ಲ. ಇಂದಿನ ಅನುಕೂಲಗಳು ಇಲ್ಲದ ಕಾಲದಲ್ಲಿ ಆ ಕಾಡಿನಿಂದ ಕಪ್ಪೆ ತಂದು, ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದವರು ಅವರು. ‘ಕಪ್ಪೆ ತೂಕ ಹಾಕಿದ ಹಾಗೆ’ ಎಂದು ನಾವು ಆಗದ ಕೆಲಸಕ್ಕೆ ಹೇಳುತ್ತೇವಲ್ಲ, ಆ ಕೆಲಸವನ್ನೇ ಅವರು ಜೀವಮಾನವೆಲ್ಲ ಮಾಡಿದರು. 1960ರ ಜನವರಿ 2ರಂದು ತೀರಿಕೊಂಡರು. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಡಲಾಯಿತು. ಅದರಲ್ಲಿರುವ ‘ರಾವ್’ ಇವರೇ. ನಿಮ್ಮ ಬಸ್ಸಿನ ಕಿಟಕಿಗೆ ಕೇಳಿಸುವ ಟಿಕ್ ಟಿಕ್ ಬಹುಪಾಲು ಆ ಕುಲದ್ದು.

ಇರುಳಲ್ಲಿ ಹುಡುಕಿದವರು

2010ರ ಕೊನೆಯಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಎಸ್.ಡಿ. ಬಿಜು ಅವರು ಕಳೆದುಹೋದ ಕಪ್ಪೆಗಳನ್ನು ಹುಡುಕುವ ಒಂದು ಅಭಿಯಾನ ಶುರು ಮಾಡಿದರು. ಹತ್ತಾರು ವರ್ಷಗಳಿಂದ ಯಾರೂ ಕಾಣದ ಕಪ್ಪೆಗಳ ಪಟ್ಟಿ ಹಿಡಿದು ತಂಡಗಳು ಕಾಡಿಗೆ ಹೊರಟವು. 2011ರ ಆರಂಭದಲ್ಲಿ 73 ವರ್ಷಗಳ ಬಳಿಕ ‘ಎಲೆಗನ್ಸ್’ ಮತ್ತೆ ಸಿಕ್ಕಿತೆಂಬ ಸುದ್ದಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಶ್ಚಿಮಘಟ್ಟದ 12 ಹೊಸ ಇರುಳುಗಪ್ಪೆಗಳ ವಿವರ ಪ್ರಕಟವಾಯಿತು. ಅದರ ಜತೆಗೆ ಬಹುಕಾಲ ಮರೆತೇಹೋಗಿದ್ದ ಮೂರು ಇರುಳುಗಪ್ಪೆಗಳು ಮತ್ತೆ ಪತ್ತೆಯಾದುದೂ ತಿಳಿಯಿತು. ಮೂರೂ ನಾರಾಯಣ ರಾವ್ ಹೆಸರಿಟ್ಟವೇ. ಒಂದು ಬ್ರಹ್ಮಗಿರಿ ಜೌಗಿನದು, ಇನ್ನೊಂದು ಕೆಂಪುಹೊಳೆಯದು.

ಈ ಇರುಳುಗಪ್ಪೆಗಳ ಸಂಸಾರವೇ ಬೇರೆ ಥರ. ಹಗಲೆಲ್ಲ ಹಳ್ಳದ ಕಲ್ಲಿನ ಸಂದಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಬರುತ್ತವೆ. ಇವುಗಳಲ್ಲಿ ಹಲವು ಜಾತಿಗಳ ಹೆಣ್ಣು ಹಳ್ಳದ ಮೇಲೆ ಬಾಗಿದ ಎಲೆಗೋ ಒದ್ದೆ ಬಂಡೆಗೋ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಕಾವಲು ಗಂಡಿನದು. ಮೊಟ್ಟೆಯೊಡೆದ ಮರಿಗಳು ನೇರ ಕೆಳಗಿನ ನೀರಿಗೆ ಬೀಳುತ್ತವೆ. ಎಲೆ ನೀರಿನಿಂದ ಒಂದು ಗೇಣು ಆಚೆಗಿದ್ದರೂ ಮರಿಗಳು ಒಣನೆಲಕ್ಕೆ ಬಿದ್ದು ಸಾಯುತ್ತವೆ. ಎಲೆಯನ್ನು ಆಯುವುದರಲ್ಲೇ ಎಲ್ಲವೂ ಇದೆ.

ಮಹಾರಾಷ್ಟ್ರದ ಒಂದು ಇರುಳುಗಪ್ಪೆಯನ್ನು ನಲವತ್ತು ರಾತ್ರಿ ಕುಳಿತು ನೋಡಿದ ತಂಡ, ಬೇರೆ ಯಾವ ಕಪ್ಪೆಯಲ್ಲೂ ಕಾಣದ ಕೂಡುವ ಭಂಗಿಯನ್ನೂ, ಹೆಣ್ಣು ಕೂಡ ಕೂಗುವುದನ್ನೂ 2016ರಲ್ಲಿ ವರದಿ ಮಾಡಿತು. ಅದಕ್ಕೂ ಮುಂಚೆ, 2014ರಲ್ಲಿ, ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನ ಒಂದು ಇರುಳುಗಪ್ಪೆಯನ್ನು ಲೋಕಕ್ಕೆ ಪರಿಚಯಿಸಿದ್ದರು. ಹೆಣ್ಣು ತಲೆಕೆಳಗಾಗಿ ಮುಂಗಾಲ ಮೇಲೆ ನಿಂತು ಕಡ್ಡಿಗೆ ಮೊಟ್ಟೆ ಅಂಟಿಸುತ್ತದೆ. ಬಳಿಕ ಗಂಡು ಹಳ್ಳಕ್ಕಿಳಿದು ಎರಡು ಕೈಯಲ್ಲಿ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಹೀಗೆ ಮಣ್ಣು ಮೆತ್ತುವ ಕಪ್ಪೆ ಅದುವರೆಗೆ ಎಲ್ಲೂ ಕಂಡಿರಲಿಲ್ಲ. ಅವರು ಇಟ್ಟ ಹೆಸರು ‘ಕುಂಬಾರ’. ಲ್ಯಾಟಿನ್ ಪಟ್ಟಿಯ ನಡುವೆ ಹೀಗೆ ಒಂದು ಕನ್ನಡ ಪದ ಕಂಡಾಗ ಮನೆಯವರನ್ನು ಪರವೂರಿನಲ್ಲಿ ಕಂಡಂತಾಗುತ್ತದೆ.

ಸಕಲೇಶಪುರ ತಾಲ್ಲೂಕಿನ ಬಿಸಿಲೆಯಲ್ಲಿ ಇದೇ ಗುರುರಾಜ ಅವರ ಮುಂದಾಳುತನದಲ್ಲಿ ಮಳೆಗಾಲದ ಕಪ್ಪೆ ಶಿಬಿರಗಳು ನಡೆದಿವೆ. ಅಲ್ಲಿಗೆ ಬರುವವರೆಲ್ಲ ವಿಜ್ಞಾನಿಗಳಲ್ಲ, ಅಧ್ಯಾಪಕರು, ವೈದ್ಯರು, ವಿದ್ಯಾರ್ಥಿಗಳೂ ಇರುತ್ತಾರೆ. ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಟಾರ್ಚು ಹಿಡಿದು, ಕೂಗು ಬಂದ ಕಡೆ ಕಿವಿಯಾನಿಸಿ ಹುಡುಕುವುದೇ ಪಾಠ. ಉಗುರಿನಷ್ಟು ಗಾತ್ರದ ಕಪ್ಪೆ ಎದುರಿನ ಎಲೆಯಲ್ಲೇ ಕೂಗುತ್ತಿದ್ದರೂ ಕಾಣಲು ಹತ್ತು ನಿಮಿಷ ಬೇಕಾಗುತ್ತದೆ. ಆನೆಗಳಿರುವ ಸೀಮೆ ಬೇರೆ. ಆಲೂರು, ಸಕಲೇಶಪುರದ ತೋಟದವರನ್ನು ಕೇಳಿ, ರಾತ್ರಿ ಹೊರಗೆ ಕಾಲಿಡುವುದು ಅಲ್ಲಿ ಹುಡುಗಾಟವಲ್ಲ.

ಆಲೂರಿನ ಗದ್ದೆ, ಧಾರವಾಡದ ತೊಟ್ಟಿ

ಸಕಲೇಶಪುರದಿಂದ ಪೂರ್ವಕ್ಕೆ ಇಳಿದು ಆಲೂರಿಗೆ ಬಂದರೆ ಕಾಡಿನ ದಟ್ಟಣೆ ಕಡಿಮೆಯಾಗಿ ಭತ್ತದ ಗದ್ದೆ, ಕೆರೆ, ಬೆಟ್ಟದ ಬೋಳು ಬೆನ್ನುಗಳು ಶುರುವಾಗುತ್ತವೆ. ಇಲ್ಲಿಯ ಕಪ್ಪೆಗಳು ಅಪರೂಪದವಲ್ಲ. ಮೊದಲ ಮಳೆಗೆ ಹಳದಿ ಬಣ್ಣ ತಾಳಿ ಗದ್ದೆಯಲ್ಲಿ ಕೂಗುವ ದೊಡ್ಡ ಗದ್ದೆಗಪ್ಪೆ, ಬಚ್ಚಲ ಮೂಲೆಗೆ ಬರುವ ಒರಟು ಮೈಯ ನೆಲಗಪ್ಪೆ, ಇವೇ. ದೊಡ್ಡ ಕಪ್ಪೆಯ ಕಾಲುಗಳು ಒಂದು ಕಾಲದಲ್ಲಿ ಟನ್ನುಗಟ್ಟಲೆ ಹೊರದೇಶದ ಊಟದ ಮೇಜಿಗೆ ಹೋಗುತ್ತಿದ್ದವು, 1987ರಲ್ಲಿ ಸರಕಾರ ಆ ರಫ್ತನ್ನು ನಿಲ್ಲಿಸಿತು.

ಎಲ್ಲರೂ ಕಂಡಿರುವ ಇಂಥ ಕಪ್ಪೆಗಳಲ್ಲೇ ಜೀವಮಾನದ ಪ್ರಶ್ನೆಗಳನ್ನು ಕಂಡುಕೊಂಡವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರೊ. ಎಸ್.ಕೆ. ಸೈದಾಪುರ. ಅದೇ ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿದ್ದವರು. ಅವರು ಶುರು ಮಾಡಿದ್ದು ಅಂಡಾಶಯ ಮತ್ತು ಹಾರ್ಮೋನುಗಳಿಂದ. ಗದ್ದೆಗಪ್ಪೆಯ ಹೊಟ್ಟೆಯಲ್ಲಿ ಹಳದಿ ಬೆರಳುಗಳಂತಿರುವ ಕೊಬ್ಬಿಗೂ, ಅದಕ್ಕೆ ಸಿಗುವ ಆಹಾರಕ್ಕೂ, ಮೊಟ್ಟೆ ಬೆಳೆಯುವುದಕ್ಕೂ ಇರುವ ನಂಟನ್ನು ಅವರ ತಂಡ ಬಿಡಿಸಿ ನೋಡಿತು. ಆಮೇಲೆ ಅವರ ಗಮನ ಗೊದಮೊಟ್ಟೆಗಳ ನಡವಳಿಕೆಯ ಕಡೆ ತಿರುಗಿತು.

ನೆಲಗಪ್ಪೆಯ ಕಪ್ಪು ಗೊದಮೊಟ್ಟೆಗಳು ಹೊಂಡದಲ್ಲಿ ಗುಂಪುಗುಂಪಾಗಿರುವುದನ್ನು ನೀವು ನೋಡಿರುತ್ತೀರಿ. ಅವು ಸುಮ್ಮನೆ ಒಟ್ಟಾಗಿವೆಯೇ, ಅಥವಾ ಒಡಹುಟ್ಟಿದವರನ್ನು ಗುರುತಿಸಿ ಸೇರುತ್ತವೆಯೇ? 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೈದಾಪುರ ಮತ್ತು ಅವರ ವಿದ್ಯಾರ್ಥಿ ಕೆಲವು ಮರಿಗಳನ್ನು ಒಡಹುಟ್ಟಿದವರ ಜತೆ, ಕೆಲವನ್ನು ಪರರ ನಡುವೆ, ಇನ್ನು ಕೆಲವನ್ನು ಮೊಟ್ಟೆಯಿಂದಲೇ ಒಂಟಿಯಾಗಿ ಬೆಳೆಸಿದರು. ಆಹಾರ, ಬೇಯಿಸಿದ ಪಾಲಕ್ ಸೊಪ್ಪು. ಬಳಿಕ ಉದ್ದನೆಯ ತೊಟ್ಟಿಯ ಒಂದು ತುದಿಯಲ್ಲಿ ಒಡಹುಟ್ಟಿದವು, ಇನ್ನೊಂದು ತುದಿಯಲ್ಲಿ ಬೇರೆ ಮನೆಯವು. ನಡುವೆ ಬಿಟ್ಟ ಮರಿ ಎತ್ತ ಹೋಗುತ್ತದೆ? ಹೆಚ್ಚಿನವು ತಮ್ಮವರ ಬಳಿಯೇ ಹೆಚ್ಚು ಹೊತ್ತು ಕಳೆದವು. ಹುಟ್ಟಿದಂದಿನಿಂದ ಯಾರ ಮುಖವನ್ನೂ ನೋಡದೆ ಬೆಳೆದ ಮರಿಗೂ ಅದು ಗೊತ್ತಿತ್ತು! ಪರರ ಜತೆ ಬೆಳೆದದ್ದರಿಂದ ಆ ಗುರುತು ಅಳಿಯಲೂ ಇಲ್ಲ. ಬಾಲ ಉದುರಿ ಕಪ್ಪೆಯಾಗುವ ಕಾಲದವರೆಗೂ ಈ ಶಕ್ತಿ ಉಳಿಯುತ್ತದೆ ಎಂದು ಅವರು ಕಂಡರು.

ಇದೇ ಪ್ರಯೋಗಾಲಯದಿಂದ ಮುಂದೆ ಬಂದ ಲೇಖನಗಳು ಗೊದಮೊಟ್ಟೆಗಳು ಬೇಟೆಗಾರನ ವಾಸನೆಯನ್ನು ನೀರಿನಲ್ಲೇ ಹಿಡಿದು ಅಲ್ಲಾಡದೆ ಕೂರುವ ಬಗ್ಗೆ, ಆಹಾರವಿರುವ ಕಡೆಗೆ ಲೆಕ್ಕ ಹಾಕಿದಂತೆ ಹಂಚಿಕೊಳ್ಳುವ ಬಗ್ಗೆ ಹೇಳುತ್ತವೆ. ಒಂದು ಪ್ಲಾಸ್ಟಿಕ್ ತೊಟ್ಟಿ, ಹಿಡಿಯಷ್ಟು ಸೊಪ್ಪು, ಗಡಿಯಾರ, ಬೆಟ್ಟದಷ್ಟು ತಾಳ್ಮೆ. ದೊಡ್ಡ ಯಂತ್ರವಿಲ್ಲದೆ ಲೋಕ ಓದುವ ವಿಜ್ಞಾನ ಮಾಡಬಹುದು ಎಂಬುದನ್ನು ನಮ್ಮ ಮಕ್ಕಳ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ.

ಹೊಳೆಯಲ್ಲಿ ಉಳಿದದ್ದು

ಆದರೆ ನೆಲಗಪ್ಪೆಗೆ ಆಲೂರಾದರೇನು, ಧಾರವಾಡವಾದರೇನು, ಹೊಂಡವೊಂದಿದ್ದರೆ ಸಾಕು. ಕೆಂಪುಹೊಳೆಯ ಕಪ್ಪೆಗೆ ಕೆಂಪುಹೊಳೆಯೇ ಬೇಕು. ಬಾಟಲಿಗಳು ಕಳೆದುಹೋದ ಮೇಲೆ, ನಾರಾಯಣ ರಾವ್ ಅವರ ಮಾತಿಗೆ ಸಾಕ್ಷಿ ಬೇಕಾದವರು ಬರಬೇಕಾದದ್ದು ಕಾಲೇಜಿಗಲ್ಲ, ಆ ಹಳ್ಳಗಳಿಗೆ. ಮೂಲ ಮಾದರಿ ಇಲ್ಲದಾಗ ಅದೇ ಜಾಗದಿಂದ ಸಿಕ್ಕ ಕಪ್ಪೆಯನ್ನು ಹೊಸ ಮಾದರಿಯಾಗಿ ನಿಗದಿ ಮಾಡುವುದು ವಿಜ್ಞಾನಿಗಳ ಪದ್ಧತಿ.

ಆ ಹಳ್ಳಗಳ ಮೇಲೆ ಎಷ್ಟು ಕಣ್ಣುಗಳಿವೆ ಎಂಬುದು ನಿಮಗೆ ಪತ್ರಿಕೆಗಳಿಂದ ಗೊತ್ತು. ಕಿರು ಜಲವಿದ್ಯುತ್ ಘಟಕಗಳು ಬಂದವು. ಗುಂಡ್ಯದಲ್ಲಿ 200 ಮೆಗಾವಾಟ್‌ನ ದೊಡ್ಡ ಯೋಜನೆಯ ಪ್ರಸ್ತಾಪ ಬಂದಾಗ ಮಾಧವ ಗಾಡ್ಗೀಳ್ ಸಮಿತಿ 2011ರ ತನ್ನ ವರದಿಯಲ್ಲಿ ಅದು ಬೇಡವೆಂದಿತು. ಹೆದ್ದಾರಿ ಅಗಲವಾಗುತ್ತಾ ಬಂದಂತೆ 2018ರಲ್ಲೂ 2024ರಲ್ಲೂ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿತು. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿ ಹೊಳೆ, ಹೊಂಗಡಹಳ್ಳಗಳ ನೀರನ್ನು ಮೇಲೆತ್ತಿ ಪೂರ್ವಕ್ಕೆ ಕಳಿಸುವ ಯೋಜನೆ ಇದು.

ಕೋಲಾರ, ಚಿಕ್ಕಬಳ್ಳಾಪುರದ ನಮ್ಮ ಓದುಗರು ಈ ಸಾಲು ಓದಿ ನೊಂದುಕೊಳ್ಳಬಾರದು. ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೂ ಫ್ಲೋರೈಡ್ ತುಂಬಿದ ನೀರು ಕುಡಿಯುವ ಮನೆಯವರಿಗೆ ಕಪ್ಪೆಯ ಮಾತು ಹೇಳುವುದು ಸುಲಭವಲ್ಲ. ಆದರೂ ಒಂದು ಸಂಗತಿಯನ್ನು ಮುಚ್ಚಿಡಲಾಗದು. ನೀರೆತ್ತುವ ಕಾಲ ಮಳೆಗಾಲ. ಇರುಳುಗಪ್ಪೆ ಹಳ್ಳದ ಮೇಲಿನ ಎಲೆಯನ್ನು ಆಯ್ದು ಮೊಟ್ಟೆ ಅಂಟಿಸುವುದೂ ಅದೇ ಕಾಲ. ಹಳ್ಳ ಎಷ್ಟು ತುಂಬಿರುತ್ತದೆ, ಎಲ್ಲಿಯವರೆಗೆ ಹರಡಿರುತ್ತದೆ ಎಂಬ ಲೆಕ್ಕದ ಮೇಲೆ ಅದು ಎಲೆ ಆರಿಸಿರುತ್ತದೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಪ್ರಪಂಚದ ಉಭಯಚರ ಜಾತಿಗಳಲ್ಲಿ ನೂರಕ್ಕೆ 41ರಷ್ಟು ಅಳಿವಿನ ಭೀತಿಯಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಗುಂಪು ಬೇರೊಂದಿಲ್ಲ.

ಕೆಂಪುಹೊಳೆಯ ಇರುಳುಗಪ್ಪೆ ಸಿಕ್ಕಿತು, ‘ಎಲೆಗನ್ಸ್’ ಸಿಕ್ಕಿತು. ಅದೇ ಲೇಖನದ ಗಿಡ್ಡ ಮೂತಿಯ ನೆಲಗಪ್ಪೆಯ ಕಥೆ ಹಾಗಲ್ಲ. ಅದರ ಬಾಟಲಿ ಹೋಯಿತು. 2010ರ ಹುಡುಕಾಟ ಶುರುವಾದಾಗ ಅದು ಕಳೆದುಹೋದವುಗಳ ಪಟ್ಟಿಯಲ್ಲಿತ್ತು. 1937ರ ಆ ನಡಾವಳಿಯ ಪುಟಗಳನ್ನು ಇಂದು ಯಾರು ಬೇಕಾದರೂ ತೆರೆದು ಓದಬಹುದು. ಅದರ ಮೂತಿ ಎಷ್ಟು ಗಿಡ್ಡ, ಬೆರಳು ಹೇಗೆ, ಮೈಬಣ್ಣ ಯಾವುದು, ಎಲ್ಲವನ್ನೂ ಮೇಷ್ಟ್ರು ಬರೆದಿಟ್ಟಿದ್ದಾರೆ. ಅದು ಹೇಗೆ ಕೂಗುತ್ತದೆ, ಯಾವ ನೀರಿನಲ್ಲಿ ಮೊಟ್ಟೆಯಿಡುತ್ತದೆ ಎಂಬ ಜಾಗ ಮಾತ್ರ ಖಾಲಿಯಿದೆ.